ಸಯಾಮಿನ ಅರಮನೆಯ ಉಪಾಧ್ಯಾಯಿನಿ: ಒಂದು ರಮ್ಯಕಥೆಯ ಲೆಕ್ಕಪರಿಶೋಧನೆ

ಇಂಗ್ಲಿಷ್ ಕಾದಂಬರಿಗಳ ಪರಿಚಯವುಳ್ಳ ವಾಚಕರಿಗೆ ಒಂದು ಕಥಾಸಂವಿಧಾನವು ತೀರ ಬಳಕೆಯದಾಗಿರುತ್ತದೆ. ತಂದೆತಾಯಿಗಳಿಲ್ಲದ, ಕೈಯಲ್ಲಿ ಕಾಸಿಲ್ಲದ, ಆದರೆ ವಿದ್ಯೆಯೂ ಮಾನವೂ ಉಳ್ಳ ಒಬ್ಬ ತರುಣಿ ದೂರದ ಮಹಲೊಂದಕ್ಕೆ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾಳೆ. ಮಹಲಿನ ಯಜಮಾನನು ಸಿರಿವಂತ, ಮುಂಗೋಪಿ, ಮನಸ್ಸಿನಲ್ಲಿ ಏನನ್ನೋ ಬಚ್ಚಿಟ್ಟುಕೊಂಡವನು. ಬೀಗ ಹಾಕಿದ ಕೋಣೆಗಳು, ಅಪರಾತ್ರಿಯಲ್ಲಿ ಕೇಳಿಬರುವ ನಗೆ, ಸೇವಕರ ಅರೆಮಾತು, ಇವುಗಳ ನಡುವೆ ಅವಳು ಯಜಮಾನನ ಗುಟ್ಟಿನ ಬಳಿಗೆ ಹೆಜ್ಜೆಹೆಜ್ಜೆಯಾಗಿ ಸಾಗುತ್ತಾಳೆ. ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ (1847) ಈ ಸಂವಿಧಾನದ ಶ್ರೇಷ್ಠ ಮಾದರಿ. ಅಲ್ಲಿ ಗುಟ್ಟೆಂದರೆ ಯಜಮಾನನ ಮೊದಲ ಹೆಂಡತಿ. ಜಮೇಕಾ ದ್ವೀಪದ ವಸಾಹತುಗಾರರ ಮನೆಯಲ್ಲಿ ಹುಟ್ಟಿದವಳು, ಹುಚ್ಚು ಹಿಡಿದವಳು, ಮಹಲಿನ ಮೇಲಂತಸ್ತಿನಲ್ಲಿ ಕೂಡಿಹಾಕಲ್ಪಟ್ಟವಳು. ಪಾಳುಕೋಟೆ, ನೆಲಮಾಳಿಗೆ, ಪ್ರೇತಭಯಗಳನ್ನು ಸಾಮಗ್ರಿಯಾಗಿ ಉಳ್ಳ ‘ಗಾಥಿಕ್’ ಕಥೆಗಳು 1764ರಲ್ಲಿ ಹೊರೇಸ್ ವಾಲ್ಪೋಲನಿಂದ ಆರಂಭವಾಗಿ ಆ ವೇಳೆಗೆ ಹಳತಾಗಿದ್ದುವು. ಬ್ರಾಂಟೆ ಮಾಡಿದ ಹೊಸತೇನೆಂದರೆ, ಕೋಟೆಯಲ್ಲಿ ಸಿಕ್ಕಿಬಿದ್ದ ಕುಲೀನ ಕನ್ಯೆಯ ಸ್ಥಾನದಲ್ಲಿ ವರ್ಷಕ್ಕೆ 30 ಪೌಂಡು ಸಂಬಳದ ನೌಕರಳೊಬ್ಬಳನ್ನು ನಿಲ್ಲಿಸಿದುದು.

‘ಗವರ್ನೆಸ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಸಮನಾದ ಮಾತಿಲ್ಲ. ಆ ವೃತ್ತಿಯೇ ನಮ್ಮಲ್ಲಿರಲಿಲ್ಲ. ಯಜಮಾನನ ಮನೆಯಲ್ಲಿಯೇ ಇದ್ದು ಅವನ ಮಕ್ಕಳಿಗೆ ಪಾಠ ಹೇಳುವ ಈ ಉಪಾಧ್ಯಾಯಿನಿ ಅತ್ತ ಮನೆಯವರ ಪಂಕ್ತಿಗೂ ಸಲ್ಲಳು, ಇತ್ತ ಸೇವಕರ ಪಂಕ್ತಿಗೂ ಸಲ್ಲಳು. ಬ್ರಾಂಟೆ ಸ್ವತಃ 1839ರಲ್ಲಿಯೂ 1841ರಲ್ಲಿಯೂ ಈ ಉದ್ಯೋಗದಲ್ಲಿದ್ದವಳು. ಎರಡನೆಯ ಮನೆಯಲ್ಲಿ ಅವಳಿಗೆ ಗೊತ್ತಾದ ಸಂಬಳ ವರ್ಷಕ್ಕೆ 20 ಪೌಂಡು. ಬಟ್ಟೆ ಒಗೆಸಿದ ಖರ್ಚನ್ನು ಮುರಿದುಕೊಂಡ ಮೇಲೆ ಕೈಗೆ ಬರುತ್ತಿದ್ದುದು 16. 1851ರ ಜನಗಣತಿಯ ಕಾಲಕ್ಕೆ ಇಂಗ್ಲೆಂಡಿನಲ್ಲಿ ಇಂಥ ಉಪಾಧ್ಯಾಯಿನಿಯರು ಸುಮಾರು 25 ಸಾವಿರ ಮಂದಿ ಇದ್ದರೆಂದು ಇತಿಹಾಸಕಾರರ ಎಣಿಕೆ. ವೃದ್ಧಾಪ್ಯದಲ್ಲಿ ನಿರ್ಗತಿಕರಾದವರ ನೆರವಿಗೆಂದು ಲಂಡನ್ನಿನಲ್ಲಿ ಒಂದು ಸಂಸ್ಥೆಯನ್ನೇ ಸ್ಥಾಪಿಸಬೇಕಾಗಿ ಬಂದಿತ್ತು. ಈ ವೃತ್ತಿಗೆ ಬೇಕಾದ ಬಂಡವಾಳ ವಿದ್ಯೆಯೊಂದೇ ಅಲ್ಲ, ಹುಟ್ಟು. ಬಡವಳಾದರೂ ಅವಳು ‘ಒಳ್ಳೆಯ ಮನೆ’ಯಿಂದ ಬಂದವಳಾಗಿರಬೇಕು. ಈ ಷರತ್ತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈ ಕಥೆಯನ್ನು ಓದಿದವರು ಲಕ್ಷಾಂತರ. ಹೆಚ್ಚುಕಡಿಮೆ ಇದನ್ನೇ ಬಾಳಿದೆನೆಂದು ಬರೆದು ಲೋಕವನ್ನು ನಂಬಿಸಿದವಳು ಅನ್ನಾ ಲಿಯೊನೋವೆನ್ಸ್. ‘ಸಯಾಮಿನ ಆಸ್ಥಾನದಲ್ಲಿ ಇಂಗ್ಲಿಷ್ ಗವರ್ನೆಸ್’ ಎಂಬರ್ಥದ ಅವಳ ಗ್ರಂಥ 1870ರಲ್ಲಿಯೂ, ಅಂತಃಪುರದ ರಮ್ಯಕಥೆಗಳೆಂಬ ಎರಡನೆಯ ಗ್ರಂಥ 1873ರಲ್ಲಿಯೂ ಹೊರಬಂದುವು. ಸಯಾಮ್ ಎಂದರೆ ಇಂದಿನ ಥಾಯ್ಲೆಂಡ್. ಅಲ್ಲಿನ ದೊರೆ ಮೊಂಗ್‌ಕುಟ್ 1862ರಲ್ಲಿ ತನ್ನ ಮಕ್ಕಳಿಗೂ ಅಂತಃಪುರದ ಸ್ತ್ರೀಯರಿಗೂ ಇಂಗ್ಲಿಷ್ ಕಲಿಸಲು ಅವಳನ್ನು ಸಿಂಗಪುರದಿಂದ ಕರೆಸಿಕೊಂಡನು. ಅವಳು 1867ರವರೆಗೆ ಆ ಕೆಲಸದಲ್ಲಿದ್ದಳು. ಇಷ್ಟು ನಿರ್ವಿವಾದ. ಇದರ ಹಿಂದೆಮುಂದೆ ಅವಳು ಕಟ್ಟಿದ ಕಥೆಯಾದರೋ ಬೇರೆ. ಅವಳು ವೇಲ್ಸ್ ಪ್ರಾಂತದ ಕಾರ್ನಾರ್ವನ್ ಊರಿನಲ್ಲಿ 1834ರಲ್ಲಿ ಹುಟ್ಟಿದವಳಂತೆ. ತಂದೆ ಕ್ಯಾಪ್ಟನ್ ಕ್ರಾಫರ್ಡ್, ಸಿಖ್ಖರೊಡನೆ ಹೋರಾಡುತ್ತ ಮಡಿದವನಂತೆ. ಹದಿನೈದನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಹಿಂದುಸ್ತಾನಕ್ಕೆ ಬಂದಳಂತೆ. ಗಂಡ ಸೈನ್ಯದಲ್ಲಿ ಮೇಜರು, ಹುಲಿಬೇಟೆಗೆ ಹೋಗಿ ಬಿಸಿಲು ಬಡಿದು ತೀರಿಕೊಂಡನಂತೆ. ಪಿತ್ರಾರ್ಜಿತವೆಲ್ಲ 1857ರ ದಂಗೆಯ ದೆಸೆಯಿಂದ ಬ್ಯಾಂಕು ಮುಳುಗಿ ಹೋಯಿತಂತೆ.

ಈ ಕಡೆಯ ವಿಷಯದಲ್ಲಿ ನನ್ನಂಥ ಬ್ಯಾಂಕು ನೌಕರನು ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ. ಕಥೆಯಲ್ಲಿ ಹೆಸರಿಸಲಾಗುವುದು ಆಗ್ರಾ ಬ್ಯಾಂಕನ್ನು. ಆ ಬ್ಯಾಂಕು ಬಾಗಿಲು ಮುಚ್ಚಿ ಪ್ರಸಿದ್ಧವಾದದ್ದು 1866ರ ಜೂನ್ ತಿಂಗಳಲ್ಲಿ, ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆ ಕುಸಿದ ಬೆನ್ನಿಗೇ. ಆ ವೇಳೆಗೆ ಅನ್ನಾ ಬ್ಯಾಂಕಾಕಿನಲ್ಲಿ ನಾಲ್ಕು ವರ್ಷ ಪಾಠ ಹೇಳಿಯಾಗಿತ್ತು. ಲೆಡ್ಜರಿನಲ್ಲಿ ತಾರೀಖು ತಾಳೆಯಾಗದಿದ್ದರೆ ಮಿಕ್ಕ ಬಾಬುಗಳನ್ನೂ ಒಮ್ಮೆ ನೋಡಬೇಕೆಂಬುದು ನಮ್ಮ ವೃತ್ತಿಯ ಕ್ರಮ.

ಮಿಕ್ಕ ಬಾಬುಗಳನ್ನು ನೋಡಿದವನು ಇತಿಹಾಸಕಾರನಲ್ಲ. ಜೇಡಗಳ ಶಾಸ್ತ್ರದಲ್ಲಿ ಖ್ಯಾತನಾದ ಡಬ್ಲ್ಯು. ಎಸ್. ಬ್ರಿಸ್ಟೋ ಎಂಬ ಇಂಗ್ಲಿಷ್ ವಿದ್ವಾಂಸ. ಅನ್ನಾಳ ಮಗ ಲೂಯಿಯ ಜೀವನಚರಿತ್ರೆಯನ್ನು ಬರೆಯಹೊರಟು ಜನನದ ದಾಖಲೆಗಳನ್ನು ಹುಡುಕುತ್ತ ಹೋದಾಗ ಅವನಿಗೆ ಬೇರೊಂದು ಸಂಗತಿಯೇ ಗೋಚರವಾಯಿತು. ಅದನ್ನು ಅವನು 1976ರಲ್ಲಿ ಪ್ರಕಟಿಸಿದನು. ಅನಂತರ ಸೂಸನ್ ಮಾರ್ಗನ್ (2008) ಮತ್ತು ಆಲ್ಫ್ರೆಡ್ ಹ್ಯಾಬೆಗರ್ (2014) ಬರೆದ ಜೀವನಚರಿತ್ರೆಗಳಿಂದ ಚಿತ್ರ ಇನ್ನಷ್ಟು ಸ್ಪಷ್ಟವಾಗಿದೆ. ಅನ್ನಾ ಹುಟ್ಟಿದ್ದು ಕಾರ್ನಾರ್ವನ್ನಿನಲ್ಲಲ್ಲ. ಇಲ್ಲಿಯೇ, ಮುಂಬಯಿ ಇಲಾಖೆಯ ಅಹಮದ್‌ನಗರದಲ್ಲಿ (2024ರಿಂದ ಅದು ಅಹಿಲ್ಯಾನಗರ), 1831ರ ನವೆಂಬರ್ 26ರಂದು. ತಂದೆ ಥಾಮಸ್ ಎಡ್ವರ್ಡ್ಸ್ ಲಂಡನ್ನಿನಲ್ಲಿ ಮರಗೆಲಸ ಮಾಡಿಕೊಂಡಿದ್ದು, ಕಂಪನಿಯ ಎಂಜಿನಿಯರ್ ದಳಕ್ಕೆ ಸೇರಿ ಬಂದವನು, ಕ್ಯಾಪ್ಟನಲ್ಲ, ಸಾರ್ಜೆಂಟು. ಮಗಳು ಹುಟ್ಟುವುದಕ್ಕೆ ಮೂರು ತಿಂಗಳು ಮುಂಚೆಯೇ ತೀರಿಕೊಂಡನು. ತಾಯಿ ಮೇರಿ ಆನ್ ಗ್ಲಾಸ್ಕಾಟ್ 1829ರಲ್ಲಿ ಠಾಣೆಯಲ್ಲಿ ಮದುವೆಯಾದಾಗ ಅವಳಿಗೆ ಇನ್ನೂ ಹದಿನಾಲ್ಕು ತುಂಬಿತ್ತೋ ಇಲ್ಲವೋ. ವಿಧವೆಯಾದ ಮರುವರ್ಷವೇ ಪ್ಯಾಟ್ರಿಕ್ ಡೊನೊಹೊ ಎಂಬ ಐರಿಷ್ ಕಾರ್ಪೊರಲನನ್ನು ಅವಳು ಮದುವೆಯಾದಳು. ದಂಡಿನ ಜೊತೆಗೆ ಕುಟುಂಬ ಪಶ್ಚಿಮ ಹಿಂದುಸ್ತಾನದ ಊರಿಂದೂರಿಗೆ ಅಲೆಯಿತು. ಅನ್ನಾ ಓದಿದುದು ಬೈಕಲಾದಲ್ಲಿ, ತಂದೆಯಿಲ್ಲದ ಸಿಪಾಯಿಮಕ್ಕಳಿಗಾಗಿ, ಮಿಶ್ರರಕ್ತದವರಿಗೂ ಪ್ರವೇಶವಿಟ್ಟು ಬಾಂಬೆ ಎಜುಕೇಷನ್ ಸೊಸೈಟಿಯವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ. ನಾವು ನಿತ್ಯವೂ ಲೋಕಲ್ ಗಾಡಿಯಲ್ಲಿ ದಾಟಿಹೋಗುವ ಬೈಕಲಾ ಅದೇ.

1849ರ ಕ್ರಿಸ್ಮಸ್ ದಿನ ಪುಣೆಯಲ್ಲಿ ಅವಳ ಮದುವೆಯಾಯಿತು. ವರ ಥಾಮಸ್ ಲಿಯನ್ ಓವೆನ್ಸ್, ಮೇಜರನಲ್ಲ, ಗುಮಾಸ್ತ. (ಅವನ ಎರಡು ಹೆಸರುಗಳನ್ನು ಬೆಸೆದು ‘ಲಿಯೊನೋವೆನ್ಸ್’ ಎಂಬ ಮನೆತನದ ಹೆಸರು ಹುಟ್ಟಿತು.) ಮೊದಲ ಮಗು ಹಸುಳೆಯಲ್ಲೇ ತೀರಿಕೊಂಡಿತು. ದಂಪತಿಗಳು ಜೀವನೋಪಾಯವನ್ನರಸಿ ಪಶ್ಚಿಮ ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿಯೂ ಗುಮಾಸ್ತಗಿರಿ, ಅಲ್ಲಿಯೂ ಒಂದು ಮಗುವಿನ ಸಾವು. ಉಳಿದವರು ಅವಿಸ್ ಎಂಬ ಮಗಳು, ಲೂಯಿ ಎಂಬ ಮಗ. 1857ರಲ್ಲಿ ಸಿಂಗಪುರ, ಅಲ್ಲಿಂದ ಪಿನಾಂಗ್. ಅಲ್ಲಿ ಹೋಟೆಲು ನೋಡಿಕೊಳ್ಳುವ ಕೆಲಸದಲ್ಲಿದ್ದ ಗಂಡ 1859ರ ಮೇ ತಿಂಗಳಲ್ಲಿ ರಕ್ತಾಘಾತದಿಂದ ಸತ್ತನು. ಹುಲಿಯೂ ಇಲ್ಲ, ಬೇಟೆಯೂ ಇಲ್ಲ. ಇಪ್ಪತ್ತೇಳು ವರ್ಷದ ವಿಧವೆ, ಎರಡು ಮಕ್ಕಳು, ನೆಂಟರಿಲ್ಲದ ಊರು.

ಅನ್ನಾ ತನ್ನ ಪೂರ್ವೋತ್ತರವನ್ನು ಹೊಸದಾಗಿ ಬರೆದುಕೊಂಡದ್ದು ಈ ಘಟ್ಟದಲ್ಲಿ. ಸಿಂಗಪುರಕ್ಕೆ ಬಂದು ಅಧಿಕಾರಿಗಳ ಮಕ್ಕಳಿಗಾಗಿ ಅವಳು ಶಾಲೆ ತೆರೆದಳು. ಅಹಮದ್‌ನಗರದ ಬ್ಯಾರಕಿನಲ್ಲಿ ಹುಟ್ಟಿದ ಸಾರ್ಜೆಂಟನ ಮಗಳಿಗೆ, ಅದರಲ್ಲಿಯೂ ಹಿಂದುಸ್ತಾನದ ರಕ್ತವುಳ್ಳವಳೆಂಬ ಶಂಕೆಗೆ ಗುರಿಯಾಗಬಹುದಾದವಳಿಗೆ, ಯಾವ ಇಂಗ್ಲಿಷ್ ಅಧಿಕಾರಿ ತನ್ನ ಮಕ್ಕಳನ್ನು ಒಪ್ಪಿಸುತ್ತಿದ್ದನು? ಕ್ಯಾಪ್ಟನನ ಮಗಳು, ಮೇಜರನ ವಿಧವೆ ಎಂದರೆ ಬಾಗಿಲು ತೆರೆಯುತ್ತಿತ್ತು. ಒಬ್ಬಳು ಅಕ್ಕನಿದ್ದಳು, ತಾಯಿಯಿದ್ದಳು. ಅವರೊಡನೆ ಸಂಬಂಧವನ್ನು ಕಡಿದುಕೊಂಡಳು. ಊರು ಬಿಟ್ಟು ಬಂದವರಿಗೆ ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆಯ ತೂಕ ಎಷ್ಟೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ನಾವು ಆ ಪ್ರಶ್ನೆಗೆ ಉತ್ತರವನ್ನು ಕೊಂಚ ಬೇಗನೆ, ಕೊಂಚ ಗಟ್ಟಿಯಾಗಿ ಹೇಳುತ್ತೇವೆ. ಅವಳು ಉತ್ತರವನ್ನೇ ಬದಲಾಯಿಸಿದಳು. ಐವತ್ತೈದು ವರ್ಷಗಳ ಕಾಲ, ಸಾಯುವವರೆಗೆ, ತನ್ನ ಹೊಟ್ಟೆಯ ಮಕ್ಕಳೆದುರಿಗೂ ಒಮ್ಮೆಯೂ ಸಡಿಲಬಿಡದೆ.

ಇನ್ನು ಯಜಮಾನನ ಕಡೆಗೆ ತಿರುಗೋಣ. ಕಥೆಯ ಪ್ರಕಾರ ನಿಗೂಢನಾಗಿರಬೇಕಾದವನು ಅವನು. ವಾಸ್ತವದಲ್ಲಿ ಆ ಕಾಲದ ಏಷ್ಯದ ದೊರೆಗಳಲ್ಲಿ ಇವನಷ್ಟು ಬಿಚ್ಚುಮನಸ್ಸಿನಿಂದ ಕಾಗದ ಬರೆದವರು ವಿರಳ. ಮೊಂಗ್‌ಕುಟ್ ಹುಟ್ಟಿದ್ದು 1804ರಲ್ಲಿ. ಇಪ್ಪತ್ತನೆಯ ವಯಸ್ಸಿಗೆ ಭಿಕ್ಷುವಾದನು; ಅಷ್ಟರಲ್ಲಿ ತಂದೆ ತೀರಿಕೊಂಡು ಸಿಂಹಾಸನ ಮಲಸೋದರನಿಗೆ ಹೋಯಿತು. ಇಪ್ಪತ್ತೇಳು ವರ್ಷ ಕಾವಿಯಲ್ಲಿದ್ದನು. ಪಾಳಿಯಲ್ಲಿ ಪಾರಂಗತನಾಗಿ, ವಿನಯನಿಯಮಗಳನ್ನು ಬಿಗಿಗೊಳಿಸಿ, ಧಮ್ಮಯುತ್ತಿಕ ಎಂಬ ಸುಧಾರಿತ ಭಿಕ್ಷುಪಂಥವನ್ನು ಸ್ಥಾಪಿಸಿದನು. ಫ್ರೆಂಚ್ ಬಿಷಪ್ ಪಾಲ್ಗ್ವಾನಿಂದ ಲ್ಯಾಟಿನನ್ನೂ ಅಮೆರಿಕನ್ ಪಾದ್ರಿಗಳಿಂದ ಇಂಗ್ಲಿಷನ್ನೂ ಕಲಿತನು. 1851ರಲ್ಲಿ ಪಟ್ಟಕ್ಕೆ ಬಂದು, 1855ರಲ್ಲಿ ಸರ್ ಜಾನ್ ಬೌರಿಂಗನೊಡನೆ ಒಪ್ಪಂದ ಮಾಡಿಕೊಂಡು, ಶೇಕಡಾ 3ರ ಆಮದುಸುಂಕಕ್ಕೆ ದೇಶವನ್ನು ತೆರೆದನು. ಪಶ್ಚಿಮದಲ್ಲಿ ಬ್ರಹ್ಮದೇಶದ ದಕ್ಷಿಣ ಭಾಗವನ್ನು ಇಂಗ್ಲಿಷರು 1852ರಲ್ಲಿ ನುಂಗಿದ್ದರು. ಪೂರ್ವದಲ್ಲಿ ಫ್ರೆಂಚರು 1859ರಲ್ಲಿ ಸೈಗಾನನ್ನು ಹಿಡಿದಿದ್ದರು. ಇವರಿಬ್ಬರ ನಡುವೆ ಬದುಕಿಕೊಳ್ಳಬೇಕಾದ ರಾಜ್ಯದಲ್ಲಿ ಮುಂದಿನ ದೊರೆಗೆ ಇಂಗ್ಲಿಷ್ ಬಾರದಿದ್ದರೆ ನಡೆಯದೆಂಬುದನ್ನು ಅವನು ಕಂಡುಕೊಂಡಿದ್ದನು. ಗವರ್ನೆಸ್ಸನ್ನು ಕರೆಸಿದ್ದು ಅರಸನ ಹುಚ್ಚಿನಿಂದಲ್ಲ, ರಾಜಕಾರಣದಿಂದ.

ಪಾದ್ರಿಗಳ ಪತ್ನಿಯರು ಮೊದಲು ಅರಮನೆಯಲ್ಲಿ ಪಾಠ ಹೇಳಿದ್ದರು. ಪಾಠದ ಜೊತೆಗೆ ಮತಪ್ರಚಾರವೂ ಸಾಗಿದುದರಿಂದ ಅದು ನಿಂತುಹೋಗಿತ್ತು. ಆದ್ದರಿಂದಲೇ 1862ರ ಫೆಬ್ರವರಿ 26ರಂದು ಅನ್ನಾಳಿಗೆ ತಾನೇ ಇಂಗ್ಲಿಷಿನಲ್ಲಿ ಬರೆದ ಕಾಗದದಲ್ಲಿ ದೊರೆ ಭಾಷೆ, ವಿಜ್ಞಾನ, ಸಾಹಿತ್ಯಗಳನ್ನು ಕಲಿಸಬೇಕೆಂದೂ ಮತಾಂತರದ ಪ್ರಯತ್ನ ಕೂಡದೆಂದೂ ಸ್ಪಷ್ಟಪಡಿಸಿದನು. ಸಂಬಳ ತಿಂಗಳಿಗೆ 100 ಡಾಲರು. ಆಗಿನ ಬೆಳ್ಳಿಯ ಡಾಲರಿಗೆ ಸುಮಾರು ನಾಲ್ಕೂವರೆ ಷಿಲಿಂಗಿನಂತೆ ಹಿಡಿದರೆ ವರ್ಷಕ್ಕೆ 270 ಪೌಂಡು. ಜೇನ್ ಏರಳ ಸಂಬಳದ ಒಂಬತ್ತು ಪಾಲು. ಆದರೂ ಅನ್ನಾಳಿಗೆ ತೃಪ್ತಿಯಿರಲಿಲ್ಲ. ಅರಮನೆಯ ಹೊರಗೆ ಮನೆ ಬೇಕೆಂಬ ವಿಚಾರದಲ್ಲಿಯೂ, ಬೋಧನೆಯ ಜೊತೆಗೆ ಹೊತ್ತ ಪತ್ರವ್ಯವಹಾರದ ದುಡಿಮೆಗೆ ಸಂಬಳ ಏರಲಿಲ್ಲವೆಂಬ ವಿಚಾರದಲ್ಲಿಯೂ ಜಗ್ಗಾಟ ನಡೆದೇ ಇತ್ತು. ಇದು ಪ್ರಪಂಚದ ಎಲ್ಲ ಕಚೇರಿಗಳಲ್ಲಿಯೂ ನಡೆಯುವ ಜಗ್ಗಾಟ. ಇದರಲ್ಲಿ ರಹಸ್ಯವೇನೂ ಇಲ್ಲ.

ರಹಸ್ಯವನ್ನು ಅವಳು ಅನಂತರ ನಿರ್ಮಿಸಿದಳು, ಅಮೆರಿಕದಲ್ಲಿ ಕುಳಿತು, ಓದುಗರಿಗಾಗಿ. ಆ ಓದುಗರ ಕಿವಿಯಲ್ಲಿ ಬ್ರಾಂಟೆಯ ಕಥೆ ಇನ್ನೂ ಗುಂಗುಡುತ್ತಿತ್ತು. ಅವರಿಗೆ ಸುಂಕದ ದರ, ಪಾಳಿ ವ್ಯಾಕರಣ ಬೇಕಾಗಿರಲಿಲ್ಲ. ಮಹಲು, ಬೀಗ, ಕತ್ತಲೆ ಬೇಕಾಗಿದ್ದುವು. ಎರಡನೆಯ ಗ್ರಂಥದಲ್ಲಿ ಅರಮನೆಯ ಅಡಿಯಲ್ಲಿ ನೆಲಮಾಳಿಗೆಯ ಸೆರೆಮನೆಗಳು ಬರುತ್ತವೆ. ಬ್ಯಾಂಕಾಕ್ ನದಿಯ ಕೆಸರಿನ ಮೇಲೆ ನಿಂತ ಊರು. ಕೆಲವು ಅಡಿ ಅಗೆದರೆ ನೀರು. ಅಂಥಲ್ಲಿ ನೆಲಮಾಳಿಗೆ ಹೇಗೆ ನಿಂತಿತೆಂಬುದನ್ನು ಎಂಜಿನಿಯರ್ ದಳದವನ ಮಗಳೇ ಯೋಚಿಸಬಹುದಾಗಿತ್ತು. ಆ ನೆಲಮಾಳಿಗೆಗಳು ಸಯಾಮಿನವಲ್ಲ, ಇಂಗ್ಲಿಷ್ ಕಾದಂಬರಿಯವು. ಅದೇ ಗ್ರಂಥದ ಅತಿ ಪ್ರಸಿದ್ಧ ಕಥೆಯಲ್ಲಿ ತುಪ್ತಿಮ್ ಎಂಬ ಕಿರಿಯ ರಾಣಿವಾಸದವಳನ್ನೂ, ಒಮ್ಮೆ ಅವಳಿಗೆ ನಿಶ್ಚಯವಾಗಿದ್ದ ಭಿಕ್ಷುವನ್ನೂ ದೊರೆ ಹಿಂಸಿಸಿ ಜೀವಂತ ಸುಡಿಸುತ್ತಾನೆ. ಆಗ ಬ್ಯಾಂಕಾಕಿನಲ್ಲಿ ಪಾದ್ರಿಗಳೂ ಕಾನ್ಸಲರೂ ವರ್ತಕರೂ ಇದ್ದರು. ಪಾದ್ರಿಗಳಂತೂ ಅರಮನೆಯ ತಪ್ಪುಗಳನ್ನು ಮುಚ್ಚಿಡುವ ಪೈಕಿಯವರಲ್ಲ. ಅವಳ ಹೇಳಿಕೆಯ ಹೊರತು ಈ ಘಟನೆಗೆ ಸಮಕಾಲೀನ ಸಾಕ್ಷ್ಯ ದೊರೆತಿಲ್ಲ. ಬದಲಾಗಿ ಅದೇ ದೊರೆ, ಮಕ್ಕಳಿಲ್ಲದ ರಾಣಿವಾಸದ ಸ್ತ್ರೀಯರು ಬಯಸಿದರೆ ಅರಮನೆ ಬಿಟ್ಟು ತವರಿಗೆ ಹೋಗಬಹುದು, ಮದುವೆಯನ್ನೂ ಆಗಬಹುದು ಎಂದು ಅಪ್ಪಣೆ ಹೊರಡಿಸಿದುದಕ್ಕೆ ದಾಖಲೆಯಿದೆ.

ಹಾಗೆಂದು ಅವಳ ಗ್ರಂಥಗಳನ್ನು ಕಸದ ಬುಟ್ಟಿಗೆ ಹಾಕುವವರೊಡನೆ ನನಗೆ ಸಹಮತವಿಲ್ಲ. ಮೊಂಗ್‌ಕುಟ್‌ನಿಗೆ ಒಟ್ಟು 82 ಮಂದಿ ಮಕ್ಕಳು; ಸಾವಿರಾರು ಸ್ತ್ರೀಯರು ಗೋಡೆಯೊಳಗೇ ಬದುಕಿ ಸಾಯುವ ಆ ಒಳಪಟ್ಟಣಕ್ಕೆ ಪುರುಷರಿಗೆ ಪ್ರವೇಶವಿರಲಿಲ್ಲ. ವಿದೇಶೀಯರ ಪೈಕಿ ಐದು ವರ್ಷಗಳಷ್ಟು ಕಾಲ ಅಲ್ಲಿ ಹೋಗಿಬಂದು, ಅಲ್ಲಿನ ದಾಸಿಯರೊಡನೆ ಮಾತನಾಡಿ, ಅವರ ಹೆಸರುಗಳನ್ನು ಬರೆದಿಟ್ಟವಳು ಇವಳು. ಜೀತವನ್ನು ಕಂಡು ಅವಳಿಗೆ ಉಂಟಾದ ರೋಷ ಸುಳ್ಳಲ್ಲ. ಆದರೆ ಅದರ ಮೇಲಣ ಇನ್ನೊಂದು ಜಮೆಯನ್ನು ಒಪ್ಪಲಾಗದು: ಯುವರಾಜ ಚುಲಾಲಂಕರಣನು ಮುಂದೆ ಜೀತಪದ್ಧತಿಯನ್ನು ತೊಡೆದದ್ದು ಇವಳ ಪಾಠದಿಂದಲೆಂಬ ಮಾತು. 1874ರಲ್ಲಿ ಮೊದಲಿಟ್ಟು 1905ರವರೆಗೆ ಹಂತಹಂತವಾಗಿ ನಡೆದ ಆ ಸುಧಾರಣೆಗೆ ತೆರಿಗೆ, ಸೈನ್ಯ, ಕೂಲಿಗಳ ವ್ಯವಸ್ಥೆಯ ಕಾರಣಗಳಿದ್ದುವು. ಅದನ್ನು ನಡೆಸಿದವರು ಸಯಾಮಿನವರು.

ಇನ್ನು ಪ್ರೇಮಕಥೆ. ಅನ್ನಾಳ ಎರಡು ಗ್ರಂಥಗಳಲ್ಲಿಯೂ ದೊರೆಗೂ ಅವಳಿಗೂ ಪ್ರೇಮದ ಸುಳಿವೇ ಇಲ್ಲ. ಭೀತಿಯನ್ನು ಸೇರಿಸಿದವಳು ಅವಳು. ಪ್ರೀತಿಯನ್ನು ಸೇರಿಸಿದವರು ಇತರರು. ಸಯಾಮಿನಲ್ಲಿದ್ದು ಬಂದ ಮಾರ್ಗರೆಟ್ ಲ್ಯಾಂಡನ್ ಎಂಬ ಅಮೆರಿಕನ್ ಲೇಖಕಿ 1944ರಲ್ಲಿ ಎರಡನ್ನೂ ಬೆರೆಸಿ ಹೊಸ ಗ್ರಂಥ ಬರೆದಳು, 1951ರಲ್ಲಿ ಅದು ನ್ಯೂಯಾರ್ಕಿನ ರಂಗದ ಮೇಲೆ ಸಂಗೀತ ನಾಟಕವಾಯಿತು, 1956ರಲ್ಲಿ ಚಲನಚಿತ್ರ. ಯೂಲ್ ಬ್ರಿನ್ನರನ ಬೋಳುತಲೆ, ಬಿಗಿಮೈ, ಗರ್ಜನೆಗಳೇ ಲೋಕಕ್ಕೆ ಮೊಂಗ್‌ಕುಟ್ ಆಗಿಬಿಟ್ಟುವು. ನಾಟಕ ಆರಂಭವಾದಾಗ ಬ್ರಿನ್ನರನಿಗೆ ಮೂವತ್ತು. ಅನ್ನಾ ಕಂಡ ದೊರೆಗೆ ಐವತ್ತೇಳು ದಾಟಿತ್ತು. ಕೃತಕ ಹಲ್ಲು ಕಟ್ಟಿಕೊಂಡು, ಪಂಚಾಂಗದ ಲೆಕ್ಕಗಳನ್ನು ತಿದ್ದುತ್ತ ಕೂಡುತ್ತಿದ್ದ ಕೃಶಕಾಯದ ವೃದ್ಧ ಅವನು. ಥಾಯ್ಲೆಂಡಿನಲ್ಲಿ ಆ ಚಿತ್ರಕ್ಕೂ, 1999ರಲ್ಲಿ ಬಂದ ಮತ್ತೊಂದಕ್ಕೂ ನಿಷೇಧವಾಯಿತು. ನಿಷೇಧವನ್ನು ನಾನು ಸಮರ್ಥಿಸುವವನಲ್ಲ; ಆದರೆ ಪೂರ್ವಜನೊಬ್ಬನನ್ನು ಪರರು ಅರ್ಧ ರಾಕ್ಷಸನಾಗಿಯೂ ಅರ್ಧ ಕೋಡಂಗಿಯಾಗಿಯೂ ಮಾಡಿ ಕುಣಿಸಿದಾಗ ಹುಟ್ಟುವ ನೋವು ನಮಗೆ ಅರ್ಥವಾಗದ್ದಲ್ಲ.

ಆ ಲೆಕ್ಕಗಳ ಮಾತು ಬಂದದ್ದರಿಂದ ಒಂದು ಸಂಗತಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಮೊಂಗ್‌ಕುಟ್ ಮೊದಲೇ ಸ್ವತಃ ಗಣಿಸಿ, ಅದು ಪೂರ್ಣವಾಗಿ ಕಾಣುವ ಸ್ಥಳ ವಾಕೊ ಎಂದು ಗೊತ್ತುಮಾಡಿ, ಫ್ರೆಂಚ್ ಖಗೋಳಜ್ಞರನ್ನೂ ಸಿಂಗಪುರದ ಗವರ್ನರನನ್ನೂ ಅಲ್ಲಿಗೆ ಆಹ್ವಾನಿಸಿದನು. ಗಣಿತ ಸರಿಹೋಯಿತು. ಅದೇ ನೆರಳು ಅಂದು ಅದಕ್ಕೆ ಮುಂಚೆ ನಮ್ಮ ನಾಡಿನ ಮೇಲೆ ಹಾದುಹೋಗಿತ್ತು. ಖಗೋಳಜ್ಞ ಹರ್ಷೆಲನ ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿಯೂ ಕ್ಯಾಪ್ಟನ್ ಹೇಗ್ ಬಿಜಾಪುರದಲ್ಲಿಯೂ ಯಂತ್ರಗಳನ್ನಿಟ್ಟು ಕಾದಿದ್ದರು. ವಾಕೊ ಜೌಗು ಪ್ರದೇಶ. ದೊರೆಗೂ ಯುವರಾಜನಿಗೂ ಅಲ್ಲಿ ಮಲೇರಿಯ ತಗಲಿತು. ಮಗ ಬದುಕಿದನು, ತಂದೆ ಅಕ್ಟೋಬರ್ 1ರಂದು ತೀರಿಕೊಂಡನು. ಪರಲೋಕದ ವಿಷಯದಲ್ಲಿ ಭಿಕ್ಷುವಾಗಿಯೂ ಇಹದ ವಿಷಯದಲ್ಲಿ ಗಣಿತಜ್ಞನಾಗಿಯೂ ಬಾಳಿದ ಮನುಷ್ಯನ ಕಥೆಯಿದು. ಇದನ್ನು ಯಾರೂ ರಂಗದ ಮೇಲೆ ತರಲಿಲ್ಲ.

ಆಗ ಅನ್ನಾ ರಜೆಯ ಮೇಲೆ ದೂರದೇಶದಲ್ಲಿದ್ದು, ಮರಳಿ ಬರುವ ಷರತ್ತುಗಳ ಬಗೆಗೆ ಮಾತುಕತೆ ನಡೆಸುತ್ತಿದ್ದಳು. ದೊರೆಯ ಮರಣಶಾಸನದಲ್ಲಿ ಅವಳಿಗೂ ಅವಳ ಮಗನಿಗೂ ಒಂದು ಪಾಲಿತ್ತು, ಅದು ಕೈಸೇರಲಿಲ್ಲ. ಹದಿನೈದು ವರ್ಷದ ಹೊಸ ದೊರೆ ಕೃತಜ್ಞತೆಯ ಕಾಗದ ಬರೆದನೇ ಹೊರತು ಕೆಲಸಕ್ಕೆ ಕರೆಯಲಿಲ್ಲ. ಅವಳು ಲೇಖನಿ ಹಿಡಿದದ್ದು ಆಗ. ತನ್ನ ಹುಟ್ಟನ್ನು ಅವಳು ತಿದ್ದಿಕೊಂಡದ್ದನ್ನು ನಾನು ತಪ್ಪೆಂದು ಬರೆಯಲಾರೆ. ಆ ಕಾಲ ಅವಳಿಗೆ ಬೇರೆ ದಾರಿಯನ್ನು ಇಟ್ಟಿರಲಿಲ್ಲ. ಆದರೆ ತನ್ನ ಖಾತೆಯನ್ನು ಸರಿದೂಗಿಸಲು, ಅನ್ನವಿಟ್ಟ ಮನೆಯ ಮೃತ ಯಜಮಾನನ ಖಾತೆಗೆ ಆಗದ ಖರ್ಚುಗಳನ್ನು ಹಾಕಿದಳಲ್ಲ, ಅದಕ್ಕೆ ಬಡತನದ ಸಮಾಧಾನ ಸಾಲದು.

ಉಳಿದ ಬಾಳು ನೆಮ್ಮದಿಯದು. ಮಗಳು ಅವಿಸಳ ಗಂಡ ಥಾಮಸ್ ಫಿಷ್ ಕೆನಡದ ಬ್ಯಾಂಕ್ ಆಫ್ ನೋವಾಸ್ಕೋಷಿಯದ ಮುಖ್ಯಾಧಿಕಾರಿ. ಹೀಗೆ ಬ್ಯಾಂಕೊಂದು ಮುಳುಗಿ ಆರಂಭವಾದುದೆಂದು ಹೇಳಲಾದ ಕಷ್ಟ ಬ್ಯಾಂಕೊಂದರಿಂದ ಕೊನೆಗಂಡಿತು. ಹ್ಯಾಲಿಫ್ಯಾಕ್ಸಿನಲ್ಲಿ 1887ರಲ್ಲಿ ಒಂದು ಕಲಾಶಾಲೆಯ ಸ್ಥಾಪನೆಗೆ ಅವಳು ಕಾರಣಳಾದಳು. ಅದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಮಗ ಲೂಯಿ ಸಯಾಮಿಗೆ ಮರಳಿ ತೇಗದ ವ್ಯಾಪಾರದಲ್ಲಿ ಹೆಸರಾದನು. ಅವಳು ದೂರವಿಟ್ಟ ಅಕ್ಕನ ಮೊಮ್ಮಗನಾದರೋ ಅವಳಿಗಿಂತ ಪ್ರಸಿದ್ಧನಾದನು: 1931ರ ಚಿತ್ರದಲ್ಲಿ ಫ್ರಾಂಕೆನ್‌ಸ್ಟೈನನ ಭೂತವಾಗಿ ನಟಿಸಿದ ಬೋರಿಸ್ ಕಾರ್ಲೋಫ್. ಅವನ ನಿಜವಾದ ಹೆಸರೂ ಬೇರೆಯೇ.

1884ರಲ್ಲಿ ಅನ್ನಾ ಹಿಂದುಸ್ತಾನದ ಪ್ರವಾಸವನ್ನು ಕುರಿತು ಮತ್ತೊಂದು ಗ್ರಂಥ ಪ್ರಕಟಿಸಿದಳು. ಮುಂಬಯಿ, ಪುಣೆಗಳು ಅದರಲ್ಲಿ ಬರುತ್ತವೆ. ಹುಟ್ಟಿದ ನಾಡನ್ನು ಹಡಗಿಳಿದು ಬಂದ ಇಂಗ್ಲಿಷ್ ಹೆಂಗಸು ಮೊದಲ ಬಾರಿಗೆ ಬೆರಗಿನಿಂದ ನೋಡುವಂತೆ ಬಣ್ಣಿಸಿದ ಆ ಪುಟಗಳೇ, ನನ್ನ ಮಟ್ಟಿಗೆ, ಸಯಾಮಿನ ಯಾವ ನೆಲಮಾಳಿಗೆಗಿಂತಲೂ ಭಯಾನಕ. 1915ರ ಜನವರಿ 19ರಂದು ಮಾಂಟ್ರಿಯಲ್ ನಗರದಲ್ಲಿ ಅವಳು ಮೃತಳಾದಳು.

‘ಜೇನ್ ಏರ್’ ಕಥೆಯಲ್ಲಿ ಮೇಲಂತಸ್ತಿನ ಕೋಣೆಯೊಳಗೆ ವಸಾಹತಿನಿಂದ ಬಂದ ಹೆಣ್ಣೊಬ್ಬಳಿದ್ದಳಷ್ಟೆ. ಅನ್ನಾಳ ಕಥೆಯಲ್ಲಿಯೂ ಒಬ್ಬಳಿದ್ದಾಳೆ, ಆದರೆ ಕೋಣೆಯ ಬೀಗದ ಕೈ ಇದ್ದದ್ದು ಗವರ್ನೆಸ್ಸಿನ ಕೈಯಲ್ಲಿ. ತಾಯಿಯ ತಂದೆ ವಿಲಿಯಂ ಗ್ಲಾಸ್ಕಾಟ್ 1810ರಲ್ಲಿ ಬಂದು ಮುಂಬಯಿ ಸೈನ್ಯದ 4ನೆಯ ದೇಶೀ ಪದಾತಿದಳಕ್ಕೆ ಸೇರಿದವನು. 1815ರ ಸುಮಾರಿಗೆ ಅವನಿಗೆ ಮದುವೆಯಾಗಿರಬೇಕು. ಅವನು ಹಡಗೇರಿದ್ದು, ದಳಕ್ಕೆ ಸೇರಿದ್ದು ಬರಹದಲ್ಲಿ ಉಳಿದಿವೆ. ಹೆಂಡತಿಯ ಹೆಸರನ್ನು ಮಾತ್ರ ಯಾರೂ ಎಲ್ಲಿಯೂ ಬರೆದಿಲ್ಲ. ಇಷ್ಟು ಸಂಪೂರ್ಣವಾದ ಮೌನಕ್ಕೆ ಅವಳು ಯುರೋಪಿಯನಳಲ್ಲವೆಂಬುದೊಂದೇ ಕಾರಣವಾಗಬಲ್ಲುದೆಂದು ಮಾರ್ಗನ್ ತರ್ಕಿಸಿದ್ದಾಳೆ. ಆ ತರ್ಕ ನನಗೂ ಒಪ್ಪಿಗೆ. ಮುಂಬಯಿ, ಠಾಣೆ, ಅಹಮದ್‌ನಗರಗಳ ಹಳೆಯ ಇಗರ್ಜಿಗಳ ರಿಜಿಸ್ಟರುಗಳನ್ನು ನೋಡುವ ಅವಕಾಶವುಳ್ಳ ವಾಚಕರು ನಮ್ಮ ಸದಸ್ಯರಲ್ಲಿ ಕೆಲವರಾದರೂ ಇದ್ದಾರೆ. ಗ್ಲಾಸ್ಕಾಟ್ ಎಂಬ ಹೆಸರು ಎಲ್ಲಾದರೂ ಕಣ್ಣಿಗೆ ಬಿದ್ದರೆ ಅದರ ಪಕ್ಕದ ಕಲಮನ್ನು ದಯವಿಟ್ಟು ಗಮನಿಸಬೇಕು.